ವೆಂಕಟಸ್ವಾಮಿ ಸಾರ್ ಹುಡುಗಿಯರು

ಚಟ್ಟದ ಬಿದಿರಿಗೆ ಕೊನೆಯ ಗಂಟು ಬಿಗಿಯುತ್ತಿದ್ದ ಚಿಕ್ಕಹನುಮಯ್ಯ ತಲೆಯೆತ್ತಿದಾಗ, ಬಿದಿರಿನ ಮುಂದಿನ ತುದಿ ಹಿಡಿದು ಜಲಜಾ ನಿಂತಿದ್ದಳು. ಅವಳ ಹಿಂದೆ ಇನ್ನೂ ಕೆಲವು ಹೆಂಗಸರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಬಿಡಮ್ಮ, ಗಂಡಸರಿದೀವಿ," ಎಂದರು ಚಿಕ್ಕಹನುಮಯ್ಯ. ತೀರಿಕೊಂಡವರು ಅವರ ತಮ್ಮ, ಬ್ಯಾಸ್ಕೆಟ್‌ಬಾಲ್ ಕೋಚ್ ವೆಂಕಟಸ್ವಾಮಿ. ಮಕ್ಕಳಿರಲಿಲ್ಲ.

ಜಲಜಾ ವಾದ ಮಾಡಲಿಲ್ಲ. ಕೈಯನ್ನೂ ತೆಗೆಯಲಿಲ್ಲ. "ಸಾರ್‌ಗೆ ನಾವೂ ಹೆಗಲು ಕೊಡ್ತೀವಿ," ಎಂದಳು.

ರಾಜಾಜಿನಗರದ ಆ ಬೀದಿಯಲ್ಲಿ ನೆರೆದಿದ್ದವರು ಹತ್ತಿರ ಬಂದರು. ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿ ನಮ್ಮಲ್ಲಿಲ್ಲವೆಂದು ಯಾರೋ ಹಿರಿಯರು ನೆನಪಿಸಿದರು.

*

ವೆಂಕಟಸ್ವಾಮಿ ಆಟದಿಂದಲೇ ಬದುಕಿದವರು. ಕಾರ್ಖಾನೆಯೊಂದು ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ತನ್ನ ತಂಡಕ್ಕಾಗಿ. ಮದರಾಸಿನ ಪಂದ್ಯವೊಂದರಲ್ಲಿ ಮೊಣಕಾಲು ತಿರುಚಿತು, ಮತ್ತೆ ಆಡಲಾಗಲಿಲ್ಲ. ಎಷ್ಟೋ ತಿಂಗಳು ಮೈದಾನದ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೋದ ಸಂಜೆ, ಹುಡುಗರು ಬಿಟ್ಟುಹೋಗಿದ್ದ ಚೆಂಡನ್ನು ಲಂಗ ಎತ್ತಿ ಕಟ್ಟಿದ ಹುಡುಗಿಯೊಬ್ಬಳು ಬುಟ್ಟಿಗೆ ಎಸೆಯುತ್ತಿದ್ದಳು. ಒಂದೂ ಬೀಳುತ್ತಿರಲಿಲ್ಲ, ಅವಳು ಬಿಡುತ್ತಲೂ ಇರಲಿಲ್ಲ. ಅವಳೇ ಜಲಜಾ.

"ಮೊಣಕೈ ಒಳಗಿಟ್ಕೊಂಡು ಹಾಕು," ಎಂದರು ವೆಂಕಟಸ್ವಾಮಿ. ಕೋಚ್ ಆದದ್ದು ಹಾಗೆ.

ಅವಳ ಜೊತೆಗೆ ಬೇರೆ ಹುಡುಗಿಯರನ್ನೂ ಆಟಕ್ಕೆ ಕಳಿಸಲು ಮೊದಲು ಮನೆಗಳಲ್ಲಿ ಒಪ್ಪಲಿಲ್ಲ. ಕತ್ತಲಾದ ಮೇಲೆ ಹೇಗೆ ಬರುತ್ತಾರೆ ಎಂದು ಕೇಳಿದರು. ನಾನೇ ಕರೆತರುತ್ತೇನೆ ಎಂದ ವೆಂಕಟಸ್ವಾಮಿ ಕುಂಟುತ್ತಲೇ ಗೋವಿಂದರಾಜನಗರದವರೆಗೂ ನಡೆದು, ಒಬ್ಬೊಬ್ಬಳನ್ನೂ ಬಾಗಿಲಿಗೆ ಬಿಟ್ಟು, ಒಳಗಿನಿಂದ ಯಾರಾದರೂ ಬಂದು ನೋಡಿದ ಮೇಲೆಯೇ ಹೊರಡುತ್ತಿದ್ದರು. ಮುಂದೆ ಆ ಹುಡುಗಿಯರು ಮೈಸೂರು ರಾಜ್ಯದ ತಂಡಕ್ಕೆ ಆಡಿದರು. ಆಟದಿಂದಲೇ ಕೆಲವರಿಗೆ ಬ್ಯಾಂಕಿನಲ್ಲಿ, ಜಲಜಾಳಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ಅಪ್ಪ ತೀರಿಕೊಂಡ ಮೇಲೆ ಅವಳು ತಮ್ಮಂದಿರನ್ನು ಓದಿಸಿದ್ದು ಆ ಸಂಬಳದಲ್ಲೇ.

*

ಬಾಗಿಲ ಬಳಿ ಕುಳಿತಿದ್ದ ವೆಂಕಟಸ್ವಾಮಿಯವರ ಹೆಂಡತಿ ನೀಲಗಂಗಮ್ಮ ಎದ್ದು ಬಂದರು. ಭಾವನ ಎದುರು ಅವರು ಎಂದೂ ದನಿಯೆತ್ತಿದವರಲ್ಲ.

"ಭಾವನೋರೆ, ಈ ಮಕ್ಕಳನ್ನೆಲ್ಲ ದಿನಾ ಮನೆ ಮುಟ್ಟಿಸಿ ಬರ್ತಿದ್ರು ಅವರು. ಇವತ್ತು ಇವರು ಅವರನ್ನ ಮುಟ್ಟಿಸಿ ಬರ್ಲಿ."

ಚಿಕ್ಕಹನುಮಯ್ಯ ತಮ್ಮನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಹೆಗಲ ಮೇಲಿನ ಟವೆಲನ್ನು ಮಡಿಸಿ ಜಲಜಾಳಿಗೆ ಕೊಟ್ಟು, ಬಿದಿರು ಒತ್ತುತ್ತದೆ, ಹೆಗಲಿಗೆ ಹಾಕಿಕೋ ಎಂದರು.

ಎಡಗಡೆಯ ಬಿದಿರಿಗೆ ಹೆಂಗಸರು ಹೆಗಲು ಕೊಟ್ಟರು, ಬಲಗಡೆಗೆ ಚಿಕ್ಕಹನುಮಯ್ಯ ಮತ್ತು ಅವರ ವಯಸ್ಸಿನ ಪಕ್ಕದ ಮನೆಯವರು. ಚಟ್ಟ ಮೇಲೆದ್ದಿತು, ಎದ್ದದ್ದೇ ಮುದುಕರ ಕಡೆಗೆ ವಾಲಿತು. ಅವರಿಗಿಂತ ಜಲಜಾ ಒಂದು ತಲೆ ಎತ್ತರ. ಅತ್ತ ಒಮ್ಮೆ ನೋಡಿ ಅವಳು ಮೊಣಕಾಲು ಬಗ್ಗಿಸಿದಳು. ಹಿಂದಿದ್ದವಳೂ ಬಗ್ಗಿಸಿದಳು. ಹಾಗೆ ಬಗ್ಗಿಕೊಂಡೇ, ಚಿಕ್ಕಹನುಮಯ್ಯನವರ ಹೆಗಲಿನ ಸಮಕ್ಕೆ, ಅವರು ಮಾಗಡಿ ರಸ್ತೆಯ ಏರು ಹತ್ತತೊಡಗಿದರು.