ಟವೆಲ್ ಸುತ್ತಿದವರೆಲ್ಲ ಓರ್ವೊಕ್ಕಿ

ಆ ಬುಧವಾರದ ಕಥೆ ಹೇಳಹೊರಟರೆ ನನಗೆ ಈಗಲೂ ಕುಳಿತಲ್ಲಿ ಕೂರಲಾಗುವುದಿಲ್ಲ. ಉತ್ತರದ ಹಿಮನಾಡಿನ ಕಡಲದಂಡೆಯ ಊರು ಸಾರಿನಿಯೆಮಿಯ ರೇಡಿಯೋದಲ್ಲಿ ನಾನು ಮೂವತ್ತು ವರ್ಷ ಮೈಕು ಹಿಡಿದಿದ್ದೇನೆ. ಹಡಗು ಹಿಮಗಡ್ಡೆಗೆ ಸಿಕ್ಕಿಕೊಂಡ ಸುದ್ದಿ ಹೇಳಿದ್ದೇನೆ, ಮೂರು ಮೇಯರುಗಳ ಜಗಳ ಬಿತ್ತರಿಸಿದ್ದೇನೆ. ಆದರೆ ಈಜುಕೊಳದ ಕೆಫೆಯಲ್ಲಿ ಕುಳಿತಿದ್ದಾಗ ಎದೆ ಹಾಗೆ ಹೊಡೆದುಕೊಂಡಿದ್ದು ಅದೊಂದೇ ಸಲ.

ನಮ್ಮಲ್ಲಿ ಬುಧವಾರ ಬೆಳಗ್ಗೆ ಹತ್ತು ಗಂಟೆಯ ಕಾರ್ಯಕ್ರಮವೆಂದರೆ ಒಂದು ಜಗಳ. ಆಡುವವರು ಓರ್ವೊಕ್ಕಿ ಮತ್ತು ಸೈಮಿ ಎಂಬ ಅವಳಿ ಅಕ್ಕತಂಗಿಯರು. ವಿಷಯ, ಆ ವಾರದ ತಂತ್ರಜ್ಞಾನದ ಸುದ್ದಿ. ಎಲ್ಲೋ ಚಾಲಕನಿಲ್ಲದ ಬಸ್ಸು ಓಡಿತಂತೆ ಎಂದು ಓರ್ವೊಕ್ಕಿ ಕುರ್ಚಿಯಿಂದ ಅರ್ಧ ಎದ್ದು ಹೊಗಳುವಳು. ಅದೇ ಬಸ್ಸು ಯಾವ ತಿರುವಿನಲ್ಲಿ ಹಿಮಕ್ಕೆ ಮೂತಿ ಗುದ್ದಿ ನಿಂತಿತು ಎಂಬುದನ್ನು ಸೈಮಿ ಅಷ್ಟರಲ್ಲಿ ಹುಡುಕಿ ತಂದಿರುವಳು. ಓರ್ವೊಕ್ಕಿ ಪ್ರವಾಸದ ಕಚೇರಿಯಲ್ಲಿ ಊರವರನ್ನೆಲ್ಲ ಬಿಸಿಲಿನ ದೇಶಗಳಿಗೆ ಕಳಿಸಿ ನಿವೃತ್ತಳಾದವಳು. ಸೈಮಿ ಹೈಸ್ಕೂಲಿನಲ್ಲಿ ಅರ್ಧ ಊರಿಗೆ ಗಣಿತ ಕಲಿಸಿದವಳು. ನಾನು ಉಲ್ಪು, ಅವರ ವಾರಿಗೆಯವಳು. ನನ್ನ ಕೆಲಸ ಯಂತ್ರದ ಗುಂಡಿ ತಿರುಗಿಸುವುದು. ನನ್ನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ.

ಆ ಚಳಿಗಾಲ ನಗರಸಭೆಯವರು ಈಜುಕೊಳಕ್ಕೆ ಮುಖ ನೋಡಿ ತೆರೆಯುವ ಬಾಗಿಲು ಹಾಕಿಸಿದ್ದರು. ಕಾರ್ಡು ಬೇಡ, ಚೀಟಿ ಬೇಡ. ಕ್ಯಾಮೆರಾದ ಮುಂದೆ ನಿಂತರೆ ಗಾಜಿನ ಬಾಗಿಲು ಸರ್ರನೆ ಸರಿದು, ನಿಮ್ಮ ಹೆಸರು ಹಿಡಿದು ಸ್ವಾಗತ ಹೇಳುತ್ತಿತ್ತು. ಮೊದಲ ದಿನವೇ ಹೆಸರು ನೋಂದಾಯಿಸಿದವಳು ಓರ್ವೊಕ್ಕಿ. ಅದರ ಬಾಯಲ್ಲಿ ತನ್ನ ಹೆಸರು ಕೇಳುವುದಕ್ಕೆಂದೇ ದಿನವೂ ಈಜಲು ಹೋಗುತ್ತಿದ್ದಳು. ಸೈಮಿ ಮಾತ್ರ ಹಠ ಹಿಡಿದು ಕೌಂಟರಿನಲ್ಲಿ ಚೀಟಿ ಕೊಂಡು, ಹುಡುಗಿ ಬಂದು ಬಾಗಿಲು ತೆರೆಯುವವರೆಗೆ ಕಾಯುತ್ತಿದ್ದಳು. ಸಮುದ್ರದ ದಂಡೆಯಲ್ಲಿ ನಗರಸಭೆ ಹಿರಿಯರಿಗಾಗಿ ಕಟ್ಟಿಸಿದ ವಸತಿಯಿದೆ. ಓರ್ವೊಕ್ಕಿಯ ಮನೆ ಅಲ್ಲಿಯೇ. ಪ್ರಯೋಗಕ್ಕೆಂದು ಅಲ್ಲಿನ ಮನೆ ಮನೆಯ ಬಾಗಿಲಿಗೂ ಅದೇ ಯಂತ್ರ ಬಂದಿತ್ತು. ಇನ್ನು ಆರೋಗ್ಯ ಕೇಂದ್ರ, ಗ್ರಂಥಾಲಯ, ಊರಿನ ಉಳಿದ ಹಿರಿಯರ ಮನೆಗಳಿಗೆಲ್ಲ ಅದನ್ನೇ ಹಾಕಬೇಕೇ ಎಂದು ಮುಂದಿನ ಸೋಮವಾರ ನಗರಸಭೆ ಮತ ಹಾಕುವುದಿತ್ತು.

ಹಿಂದಿನ ವಾರದ ಜಗಳ ಅದರದೇ.

“ಮುಖಾನೇ ಬೀಗದ ಕೈ ಮಾಡ್ಕೊಂಡ್ಯಲ್ಲೇ, ನಾಳೆ ಯಾರಾದ್ರೂ ಅದನ್ನ ಕದ್ರೆ ಇನ್ನೊಂದು ಮುಖ ಎಲ್ಲಿ ಮಾಡಿಸ್ತೀಯಾ?” ಎಂದಳು ಸೈಮಿ.

“ಕದಿಯೋಕೆ ಅದೇನು ಸೈಕಲ್ಲಾ? ನೀನು ಬೀಗದ ಕೈ ಕಳ್ಕೊಂಡು ನಮ್ಮನೆ ಸೋಫಾ ಮೇಲೆ ಬಂದು ಬಿದ್ಕೋತೀಯಲ್ಲ, ಅದನ್ನ ಹೇಳು ಊರಿಗೆ!”

ಆಗ ಫೋನು ಮಾಡಿದವನು ಯಿರ್ಕಿ. ನಗರಸಭೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ, ಒಂದು ಕಾಲಕ್ಕೆ ಸೈಮಿಯ ಶಿಷ್ಯ. “ಟೀಚರ್, ಸುಮ್ನೆ ಹೆದರಿಸಬೇಡಿ. ಅದು ಅವಳಿಗಳನ್ನೂ ಬೇರೆ ಬೇರೆ ಗುರುತಿಸುತ್ತೆ. ಬೇಕಾದ್ರೆ ನೀವೇ ಬಂದು ಪರೀಕ್ಷೆ ಮಾಡಿ. ರೇಡಿಯೋದಲ್ಲೇ ಆಗಲಿ, ಎಲ್ಲರೂ ಕೇಳಲಿ.”

ಸೈಮಿಯ ಕಣ್ಣು ಮಿಂಚಿತು. ಓರ್ವೊಕ್ಕಿ ಚಪ್ಪಾಳೆ ತಟ್ಟಿದಳು. ಹೀಗೆ ನಾನು ಆ ಬುಧವಾರ ಈಜುಕೊಳದ ಕೆಫೆಯಲ್ಲಿ ಪ್ರಸಾರದ ಯಂತ್ರ ಹರಡಿಕೊಂಡು ಕುಳಿತಿದ್ದು.

ಹೊರಗೆ ಹಿಮದ ಮೇಲೆ ಕಣ್ಣು ಕುಕ್ಕುವ ಬಿಸಿಲು. ಉಸಿರು ಬಿಟ್ಟರೆ ಅಲ್ಲೇ ಹೆಪ್ಪುಗಟ್ಟುವ ಚಳಿ. ಮುಂಬಾಗಿಲಲ್ಲಿ ಜನಜಾತ್ರೆ ಸೇರಿತ್ತು. ಸೈಮಿ ಟೊಪ್ಪಿಗೆ ತೆಗೆದು, ಅಕ್ಕನ ಹಾಗೆಯೇ ತಲೆ ಬಾಚಿಕೊಂಡು ಕ್ಯಾಮೆರಾದ ಮುಂದೆ ನಿಂತಳು. ನಾನು ಉಸಿರು ಬಿಗಿಹಿಡಿದು ಮೈಕು ಮುಂದೆ ಮಾಡಿದೆ.

ಬಾಗಿಲು ಅಲುಗಲಿಲ್ಲ. ಕೆಂಪು ದೀಪ ಹತ್ತಿತು.

ಜನ ಹೋ ಎಂದರು. ಚಿಕ್ಕಂದಿನಲ್ಲಿ ಹಿಮದ ಮೇಲೆ ಜಾರುವಾಗ ಸೈಮಿಯ ಮೂಗು ಮುರಿದು ಸೊಟ್ಟಗಾಗಿತ್ತು. ಯಂತ್ರ ಅದನ್ನು ಹಿಡಿದಿತ್ತೋ ಏನೋ. ಓರ್ವೊಕ್ಕಿ ಸೆರಗಿನಂತೆ ಶಾಲು ಬೀಸಿಕೊಂಡು ಬಂದು ನಿಂತಳು. ಬಾಗಿಲು ಸರಿಯಿತು. “ಸುಸ್ವಾಗತ, ಓರ್ವೊಕ್ಕಿ!”

“ಕೇಳಿದ್ರಾ? ಕೇಳಿದ್ರೇನ್ರಪ್ಪಾ ಎಲ್ಲರೂ?” ಅವಳು ನನ್ನ ಮೈಕು ಕಿತ್ತುಕೊಂಡು ಕೂಗಿದಳು. “ನಮ್ಮಮ್ಮನೇ ನಮ್ಮಿಬ್ಬರನ್ನ ತಪ್ಪು ಹೆಸರಲ್ಲಿ ಕರೀತಿದ್ಲು. ಈ ಮಿಷನ್ ಕರೀಲಿಲ್ಲ!”

ಸೈಮಿ ಸೋಲು ಒಪ್ಪಿದವಳಂತೆ ಹೋಗಿ ಚೀಟಿ ಕೊಂಡಳು. ಬುಧವಾರ ಬಂದಮೇಲೆ ಸೌನಾದ ಬಿಸಿ ಹಬೆಯಲ್ಲಿ ಕುಳಿತು ಬೆವರದೆ ಅವರಿಬ್ಬರೂ ಮನೆಗೆ ಹೋಗುವವರಲ್ಲ. ಅವರು ಒಳಗೆ ಹೋದರು. ನಾನು ಕೆಫೆಯಲ್ಲಿ ಯಿರ್ಕಿಯ ಸಂದರ್ಶನ ಶುರುಮಾಡಿದೆ. ಅವನು ಏಲಕ್ಕಿ ಬನ್ನು ಕಚ್ಚುತ್ತ ಗೆದ್ದವನ ನಗೆ ನಗುತ್ತಿದ್ದ.

ಕೊಳದ ಕಡೆಯಿಂದ ಕೆಫೆಗೆ ಬರಲು ಇನ್ನೊಂದು ಗಾಜಿನ ಬಾಗಿಲಿದೆ. ಅದಕ್ಕೂ ಅದೇ ಕ್ಯಾಮೆರಾ. ಸ್ವಲ್ಪ ಹೊತ್ತಿಗೆ ಓರ್ವೊಕ್ಕಿ ಅಲ್ಲಿ ಕಾಣಿಸಿಕೊಂಡಳು, ಮುಖ ಕೆಂಪಗೆ ಬೆಂದು, ತಲೆಗೆ ಟವೆಲ್ ಸುತ್ತಿಕೊಂಡು. “ಸುಸ್ವಾಗತ, ಓರ್ವೊಕ್ಕಿ!” ಬಾಗಿಲು ತೆರೆದು ಮುಚ್ಚಿತು. ಹಿಂದೆಯೇ ಸೈಮಿ, ಅದೇ ಕೆಂಪು ಮುಖ, ಅದೇ ಟವೆಲ್. ಹುಡುಗಿಯನ್ನು ಕರೆಯಲು ಗಂಟೆಯ ಕಡೆಗೆ ಕೈ ಚಾಚಿದ್ದಳು ಅಷ್ಟೆ.

“ಸುಸ್ವಾಗತ, ಓರ್ವೊಕ್ಕಿ!”

ಯಿರ್ಕಿಯ ಬಾಯಲ್ಲಿ ಬನ್ನು ನಿಂತಿತು.

“ಏನಪ್ಪಾ ಯಿರ್ಕಿ,” ಸೈಮಿ ಸೊಂಟಕ್ಕೆ ಕೈಯಿಟ್ಟು ನಿಂತಳು. “ಈಗ ಯಾರು ನಾನು?”

“ಅವಳಿಗಳಲ್ವಾ ಟೀಚರ್, ಒಂದೊಂದ್ಸಲ...” ಅವನ ಮಾತು ಮುಗಿಯುವುದರೊಳಗೆ ಬೇಕರಿಯ ಕಾರಿನಾ ಬಾಗಿಲಿಗೆ ಬಂದಳು. ಕಾರಿನಾ ಎಂದರೆ ಓರ್ವೊಕ್ಕಿಯ ಎರಡರಷ್ಟು ದಪ್ಪ. ವಯಸ್ಸು ನಲವತ್ತೂ ಇಲ್ಲ, ತಟ್ಟೆಯಂಥ ದುಂಡು ಮುಖ. ಅವಳ ತಲೆಗೂ ಟವೆಲ್.

“ಸುಸ್ವಾಗತ, ಓರ್ವೊಕ್ಕಿ!”

ಕಾರಿನಾ ಬೆಚ್ಚಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. “ಅಯ್ಯೋ, ನಾನ್ಯಾವಾಗ ಓರ್ವೊಕ್ಕಿ ಆದೆ?”

ಮುಂದಿನದನ್ನು ನಾನು ಹೇಗೆ ಹೇಳಲಿ! ಕೊಳದಲ್ಲಿದ್ದ ಹೆಂಗಸರೆಲ್ಲ ನೀರಿನಿಂದೆದ್ದು ಸಾಲು ನಿಂತರು. ಉದ್ದ, ಗಿಡ್ಡ, ಕನ್ನಡಕದವರು, ಹಲ್ಲಿಲ್ಲದವರು. ಒಬ್ಬೊಬ್ಬರೂ ಟವೆಲ್ ಸುತ್ತಿ ಬಾಗಿಲಿಗೆ ಮುಖ ಕೊಟ್ಟರೆ ಅದು ಹಿಗ್ಗಿನಿಂದ ಓರ್ವೊಕ್ಕಿ ಓರ್ವೊಕ್ಕಿ ಎನ್ನುತ್ತ ತೆರೆಯುತ್ತಲೇ ಇತ್ತು. ಕೆಫೆ ಒದ್ದೆಯಾದ ಓರ್ವೊಕ್ಕಿಗಳಿಂದ ತುಂಬಿಹೋಯಿತು. ನಗುವಿನ ಅಬ್ಬರಕ್ಕೆ ನನ್ನ ಯಂತ್ರದ ಮುಳ್ಳು ಕೊನೆಗೆ ಹೋಗಿ ಅಂಟಿಕೊಂಡಿತ್ತು. ಎಲ್ಲವೂ ನೇರ ಪ್ರಸಾರ.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಓರ್ವೊಕ್ಕಿಯೇ. ತನ್ನ ವಾದ ಮಣ್ಣುಪಾಲಾಗುತ್ತಿದೆ ಎಂಬ ಅರಿವೇ ಅವಳಿಗಿದ್ದಂತಿರಲಿಲ್ಲ. ಹೊಸ ಆಟಿಕೆ ಸಿಕ್ಕ ಮಗುವಿನಂತೆ ಕಾರಿನಾಳ ಟವೆಲ್ ಬಿಚ್ಚಿಸಿ ನಿಲ್ಲಿಸಿದಳು: ಕೆಂಪು ದೀಪ. ಮತ್ತೆ ಸುತ್ತಿಸಿದಳು: ಸುಸ್ವಾಗತ. ತನ್ನ ಉಣ್ಣೆಯ ಟೊಪ್ಪಿಗೆ ತರಿಸಿ ಹಾಕಿಸಿದಳು: ಸುಸ್ವಾಗತ.

“ಗೊತ್ತಾಯ್ತು! ತಲೆ ಮುಚ್ಚಿದ್ರೆ ಅದಕ್ಕೆ ಅರ್ಧ ಕಣ್ಣು ಕಾಣಲ್ಲ. ಕಾಣದೇ ಇದ್ರೂ ಸರಿ, ಒಳಗೆ ಬಿಡು ಅಂತ ಯಾರೋ ಅದಕ್ಕೆ ಹೇಳ್ಕೊಟ್ಟಿದ್ದಾರೆ. ಅಲ್ವೇನೋ ಯಿರ್ಕಿ?”

ಯಿರ್ಕಿ ತಗ್ಗಿದ ದನಿಯಲ್ಲಿ ಹೇಳಿದ. “ಮೊದಮೊದಲು ಒದ್ದೆ ಮುಖದವರನ್ನ ಬಿಡ್ತಿರಲಿಲ್ಲ. ಜನ ದೂರು ಕೊಟ್ರು. ಕಂಪನಿಯವರು ಈ ವಾರದಿಂದ ಏನೋ ಸ್ವಲ್ಪ ಸಡಿಲ ಮಾಡ್ತೀವಿ ಅಂದಿದ್ರು... ಅನುಮಾನ ಬಂದಾಗ ಹೆಚ್ಚು ಸಲ ಬರೋರ ಹೆಸರು ಹಿಡಿಯುತ್ತೇನೋ.”

“ಅಂದ್ರೆ ನಾನೇ!” ಎಂದು ಓರ್ವೊಕ್ಕಿ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಕೈ ಚಾಚಿ ನನ್ನ ಮೈಕನ್ನು ಅಂಗೈಯಿಂದ ಮುಚ್ಚಿದಳು.

“ಉಲ್ಪು, ಹಾಡು ಹಾಕು. ಈಗಲೇ.”

ನಾನು ನಮ್ಮ ಕಡೆಯ ಶೋಕದ ಟ್ಯಾಂಗೋ ಹಾಡೊಂದನ್ನು ಹಾಕಿದೆ. ಅವಳು ನಮ್ಮ ಮೂವರನ್ನು ಹತ್ತಿರಕ್ಕೆಳೆದು ಪಿಸುಗುಟ್ಟಿದಳು. “ನಮ್ಮ ಮನೆ ಬಾಗಿಲುಗಳಿಗೂ ಇದೇ ಮಿಷನ್ನು.”

ಸೈಮಿಯ ಮುಖ ಬೆಳಗಿಹೋಯಿತು. ಎಷ್ಟು ಕಾಲದಿಂದ ಕಾದಿದ್ದಳೋ ಈ ಗಳಿಗೆಗೆ! “ಮೈಕು ಕೊಡೇ ಇಲ್ಲಿ. ಇಡೀ ಊರಿಗೆ ಹೇಳ್ತೀನಿ.”

“ಬೇಡ.”

“ಯಾಕೆ, ನಿನ್ನ ಮರ್ಯಾದೆ ಹೋಗುತ್ತೆ ಅಂತಾನಾ?”

“ನನ್ನ ಮರ್ಯಾದೆ ಆಗಲೇ ಟವೆಲ್ ಸುತ್ಕೊಂಡು ಹೋಯ್ತು ಕಣೇ. ಅಲ್ಲಿ ನನ್ನಂಥೋರು ಅರವತ್ತು ಜನ ಇದ್ದಾರೆ. ಕೆಲವರಿಗೆ ಎದ್ದು ಕೂರೋಕೂ ಆಗಲ್ಲ. ನೀನಿಲ್ಲಿ ಕೂಗಿದ್ರೆ ಮೊದಲು ಕೇಳಿಸ್ಕೊಳ್ಳೋನು ಕಳ್ಳ. ಮೊದಲು ಬಾಗಿಲು ಭದ್ರ ಮಾಡೋಣ, ಆಮೇಲೆ ನೀನು ಚರ್ಚಿನ ಗೋಪುರ ಹತ್ತಿ ಕೂಗು, ನಾನೇ ಏಣಿ ಹಿಡೀತೀನಿ.”

ಸೈಮಿ ತಲೆಯ ಟವೆಲ್ ಬಿಗಿಮಾಡಿಕೊಂಡಳು. ನಾನು ಕಂಡ ಹಾಗೆ ಅಕ್ಕನ ಮಾತಿಗೆ ಅವಳು ಎದುರಾಡದೆ ಇದ್ದದ್ದು ಅದೇ ಮೊದಲು. “ನಡಿ,” ಎಂದಳು.

ಆದರೆ ಟವೆಲಿನ ಗುಟ್ಟು ಆಗಲೇ ಗಾಳಿಗೆ ಬಿದ್ದಿತ್ತು. ತಲೆಯಿದ್ದವನು ಯಾವನಾದರೂ ಎರಡಕ್ಕೆರಡು ಕೂಡಿಸಿ ಅರ್ಥಮಾಡಿಕೊಳ್ಳುವ ಮೊದಲು ನಾವು ಅಲ್ಲಿರಬೇಕು. ನಾನು ಟ್ಯಾಂಗೋಗಳನ್ನು ಒಂದರ ಹಿಂದೊಂದು ಸರದಿಗೆ ಹಚ್ಚಿ ಎದ್ದೆ. ಯಿರ್ಕಿಯ ಕಾರಿನಲ್ಲಿ ಐದು ಜನ; ಈಜಿದ ಮೂವರಿಗೆ ಈಜುಡುಗೆಯ ಮೇಲೆ ಕೋಟು, ತಲೆಗೆ ಟವೆಲ್. ಬಾಗಿಲಿನ ಪರೀಕ್ಷೆಗೆಂದು ಕರೆತಂದ ಕಾರಿನಾ ಅರ್ಧ ನನ್ನ ತೊಡೆಯ ಮೇಲೆ. ಕಿಟಕಿ ಮಂಜುಗಟ್ಟಿ ದಾರಿ ಕಾಣದು. “ಬೇಗ ಓಡಿಸೋ!” ಎಂದು ಸೈಮಿ ಅವನ ಭುಜಕ್ಕೆ ಬಡಿಯುತ್ತಿದ್ದಳು. ಕಾರಿನಿಂದ ಕಟ್ಟಡಕ್ಕೆ ಓಡುವಷ್ಟರಲ್ಲಿ ಅವಳ ಹಣೆಯ ಮೇಲಿನ ಕೂದಲು ಕಡ್ಡಿಯಂತೆ ಸೆಟೆದಿತ್ತು.

ಓರ್ವೊಕ್ಕಿಯ ಬಾಗಿಲಿನ ಮುಂದೆ ಕಾರಿನಾ ನಿಂತಳು. ಚಿಲಕ ಟಕ್ಕೆಂದಿತು. “ಸುಸ್ವಾಗತ, ಓರ್ವೊಕ್ಕಿ!” ಒಳಗೆ ಮೇಜಿನ ಮೇಲೆ ಅರ್ಧ ಕುಡಿದ ಕಾಫಿ, ಕುರ್ಚಿಗೆ ನೇತುಹಾಕಿದ ರಾತ್ರಿಯ ಉಡುಪು. ಓರ್ವೊಕ್ಕಿ ಅದನ್ನೆಲ್ಲ ಬೇರೆಯವರ ಮನೆಯೆಂಬಂತೆ ಹೊರಗೆ ನಿಂತು ನೋಡಿದಳು. ಕಾರಿನಾ ನಾಚಿ ಹಿಂದಕ್ಕೆ ಸರಿದಾಗ ಪಕ್ಕದ ಮನೆಯ ಕ್ಯಾಮೆರಾದ ಕಣ್ಣಿಗೆ ಬಿದ್ದಳು. ಆ ಬಾಗಿಲೂ ತೆರೆಯಿತು. “ಸುಸ್ವಾಗತ, ವಿಲ್ಹೋ!” ತೊಂಬತ್ತು ದಾಟಿದ ವಿಲ್ಹೋ ಹಾಸಿಗೆಯಿಂದ ತಲೆಯೆತ್ತಿ, ಟವೆಲ್ ಸುತ್ತಿದ ಹೆಂಗಸರ ದಂಡನ್ನು ದಿಟ್ಟಿಸಿದ.

“ಯಾರಮ್ಮಾ ನೀವೆಲ್ಲ? ಸ್ವರ್ಗದಿಂದ ಬಂದ್ರಾ?”

“ಇಲ್ಲ ವಿಲ್ಹೋ, ಈಜುಕೊಳದಿಂದ,” ಎಂದಳು ಸೈಮಿ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಿರ್ಕಿ ಬಿಳಿಚಿಕೊಂಡಿದ್ದ. ಕಂಪನಿಗೆ ಫೋನು ಹಚ್ಚಿದ. ಪರಿಶೀಲಿಸಿ ಎರಡು ವಾರದಲ್ಲಿ ಉತ್ತರ ಕೊಡುತ್ತೇವೆ ಎಂದರಂತೆ. ಯಂತ್ರ ನಿಲ್ಲಿಸಲು ಮೇಲಿನವರ ಅಪ್ಪಣೆ ಬೇಕು, ಮೇಲಿನವರು ಚಳಿಗಾಲದ ರಜೆಯಲ್ಲಿ. ಅವನು ಫೋನನ್ನೇ ನೋಡುತ್ತ ನಿಂತ.

“ಯಿರ್ಕಿ,” ಸೈಮಿಯ ದನಿ ಮೆತ್ತಗಾಗಿತ್ತು. “ಗೊತ್ತಿಲ್ಲದ ಲೆಕ್ಕ ಬಿಟ್ಟು ಮುಂದಕ್ಕೆ ಹೋಗು ಅಂತ ಪರೀಕ್ಷೆಯಲ್ಲಿ ನಾನೇ ನಿಂಗೆ ಹೇಳ್ತಿದ್ದೆ. ಇದನ್ನ ಮಾತ್ರ ಬಿಟ್ಟು ಹೋಗಬೇಡಪ್ಪ.”

ಅವನು ಫೋನನ್ನು ಜೇಬಿಗೆ ಹಾಕಿದ. ಆಮೇಲೆ ಮೆಟ್ಟಿಲಿಳಿದು ಹೋಗಿ, ಇಡೀ ಕಟ್ಟಡದ ಮುಖಯಂತ್ರವನ್ನು ತನ್ನ ಜವಾಬ್ದಾರಿಯ ಮೇಲೆ ನಿಲ್ಲಿಸಿಯೇಬಿಟ್ಟ. ಹಳೆಯ ಬೀಗಗಳು ಬಾಗಿಲಲ್ಲೇ ಇದ್ದವು. ಬೀಗದ ಕೈಗಳ ಗೊಂಚಲು ಕಟ್ಟಡ ನೋಡಿಕೊಳ್ಳುವವನ ಬಳಿ ಇತ್ತು. ನಾವು ಮಹಡಿ ಹಂಚಿಕೊಂಡೆವು. ಹತ್ತಿದೆವು, ಇಳಿದೆವು, ಬಾಗಿಲು ಬಡಿದೆವು. “ಇವತ್ತಿಂದ ಇದೇ ಬೀಗದ ಕೈ, ಸೊಸೆಗೊಂದು ಕೊಟ್ಟಿಡಿ,” ಎಂದು ಓರ್ವೊಕ್ಕಿ ಒಬ್ಬೊಬ್ಬರ ಅಂಗೈಯಲ್ಲೂ ಇಟ್ಟು, ಬೆರಳು ಮಡಚಿ ಬಂದಳು.

ಅಷ್ಟರಲ್ಲಿ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಮಾತಿಲ್ಲದೆ ಬರೀ ಟ್ಯಾಂಗೋ ಬರುತ್ತಿದ್ದುದು ಕೇಳಿ, ಯಾರು ತೀರಿಕೊಂಡರು ಎಂದು ಊರೆಲ್ಲ ವಿಚಾರಿಸುತ್ತಿತ್ತು. ನನ್ನ ಮೂವತ್ತು ವರ್ಷಗಳ ಅತಿ ದೊಡ್ಡ ಸುದ್ದಿ ನಾಲಿಗೆಯ ತುದಿಯಲ್ಲಿದೆ, ನಾನು “ಯಾರೂ ಇಲ್ಲ, ಹಾಡು ಕೇಳಿ” ಎನ್ನುತ್ತಿದ್ದೇನೆ! ಕೊನೆಯ ಬಾಗಿಲು ಭದ್ರವಾದಾಗ ಮಧ್ಯಾಹ್ನವಾಗಿತ್ತು. ಮೆಟ್ಟಿಲ ಮೇಲೆಯೇ ಕುಳಿತು, ನನ್ನ ಫೋನನ್ನು ರೇಡಿಯೋ ನಿಲಯಕ್ಕೆ ಜೋಡಿಸಿ ಓರ್ವೊಕ್ಕಿಯ ಕೈಗೆ ಕೊಟ್ಟೆ. ಹೇಳಬೇಕಾದವಳು ಅವಳೇ ಎಂದು ಸೈಮಿ ಕಣ್ಸನ್ನೆ ಮಾಡಿದ್ದಳು.

“ಊರವರೇ, ಯಾರೂ ಸತ್ತಿಲ್ಲ. ನನ್ನ ವಾದ ಒಂದು ಸತ್ತಿದೆ, ಅಷ್ಟೇ,” ಎಂದು ಓರ್ವೊಕ್ಕಿ ಶುರುಮಾಡಿದಳು. ಏನೂ ಮುಚ್ಚದೆ ಎಲ್ಲ ಹೇಳಿದಳು. “ನಂಗೆ ಮಿಷನ್ನು ಈಗಲೂ ಬೇಕು. ಬೆರಳು ಸೊಟ್ಟಗಾಗಿ ಬೀಗ ತಿರುಗಿಸೋಕೆ ಆಗದೋರು ನಮ್ಮ ಕಟ್ಟಡದಲ್ಲಿ ಎಷ್ಟು ಜನ ಇದ್ದಾರೆ ಗೊತ್ತಾ? ಆದ್ರೆ ಕಂಡಕಂಡೋರಿಗೆಲ್ಲ ಬನ್ನಿ ಬನ್ನಿ ಅನ್ನೋ ಕಾವಲುಗಾರ ನಂಗೆ ಬೇಡ. ಸೋಮವಾರ ಮತ ಹಾಕೋರು ಮೊದಲು ಟವೆಲ್ ಸುತ್ಕೊಂಡು ಈಜುಕೊಳಕ್ಕೆ ಹೋಗಿ ಬನ್ನಿ.”

ಏಳು ಮಂದಿ ಸದಸ್ಯರು ನಿಜವಾಗಿಯೂ ಹೋದರು. ಏಳೂ ಜನ ಓರ್ವೊಕ್ಕಿಗಳಾಗಿ ಹೊರಬಂದರು, ಅದರಲ್ಲೊಬ್ಬ ಗಡ್ಡದ ಪಾದ್ರಿ. ಸೋಮವಾರ ಮತ ಮುಂದಕ್ಕೆ ಹೋಯಿತು. ಹೊರಗಿನವರು ಪರೀಕ್ಷಿಸದೆ ಯಾವ ಬಾಗಿಲಿಗೂ ಯಂತ್ರವಿಲ್ಲ ಎಂದು ಗೊತ್ತುಮಾಡಿದರು. ಅಪ್ಪಣೆಯಿಲ್ಲದೆ ನಿಲ್ಲಿಸಿದ್ದಕ್ಕೆ ಯಿರ್ಕಿಗೆ ಮೇಲಿನವರಿಂದ ಬೈಗುಳ ಬಿತ್ತು. ಮರುದಿನವೇ ಹಿರಿಯರ ವಸತಿಯಿಂದ ಅವನ ಕಚೇರಿಗೆ ಕೈಯಿಂದ ಹೆಣೆದ ಕಾಲುಚೀಲಗಳ ರಾಶಿ ಬಂತು.

ಪರೀಕ್ಷಿಸುವವರ ತಂಡಕ್ಕೆ ಓರ್ವೊಕ್ಕಿಯನ್ನೂ ಸೇರಿಸಿಕೊಂಡರು. ಏಪ್ರಿಲ್‌ನಲ್ಲಿ ಕಂಪನಿಯವರು ತಿದ್ದಿದ ಯಂತ್ರ ತಂದಾಗ ಅವಳು ನಲವತ್ತು ಜನರಿಗೆ ಟವೆಲ್, ಟೊಪ್ಪಿಗೆ, ಮಫ್ಲರು, ಒಬ್ಬರಿಗಂತೂ ಬಕೆಟ್ಟು ಹೊದಿಸಿ ಸಾಲಾಗಿ ಕಳಿಸಿದಳು. ಕಾರಿನಾ ಮೊದಲು ನಿಂತಳು. ಯಂತ್ರ ತುಸು ತಡೆದು ಹೇಳಿತು: “ನೀವು ಯಾರೆಂದು ಗೊತ್ತಾಗಲಿಲ್ಲ. ದಯವಿಟ್ಟು ಕೌಂಟರಿಗೆ ಹೋಗಿ.”

ಸೈಮಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. “ಉತ್ತರ ಬರದೇ ಇದ್ರೆ ಬರಲ್ಲ ಅನ್ನು ಅಂತ ನಲವತ್ತು ವರ್ಷ ಮಕ್ಕಳಿಗೆ ಹೇಳಿದೆ. ಇದು ಒಂದೇ ಚಳಿಗಾಲದಲ್ಲಿ ಕಲಿತುಬಿಡ್ತಲ್ಲೇ!”

“ಹಾಗಾದ್ರೆ ಮಿಷನ್ನಿಗೆ ನಿನ್ನ ಹೆಸರು ಕೊಡ್ತೀಯಾ ಈಗ?” ಓರ್ವೊಕ್ಕಿ ಆಸೆಯಿಂದ ಕೇಳಿದಳು.

“ಹೋಗೇ, ನಾನ್ಯಾಕೆ ಕೊಡ್ಲಿ,” ಎಂದು ಸೈಮಿ ಪರ್ಸು ತೆರೆಯುತ್ತ ಚೀಟಿಯ ಸಾಲಿಗೆ ನಡೆದಳು. ಅಕ್ಕ ಬೈಯುತ್ತ ಅವಳ ಹಿಂದೆಯೇ ಹೋದಳು. ನಾನು ಮೈಕು ಹಿಡಿದು ಅವರ ಹಿಂದೆ ಓಡಿದೆ.