ಹಕ್ಕಿ ದಿಬ್ಬ

ಹಾರನ್ನು ಮೂರು ಸಲ ಒತ್ತಿ, ಮಣ್ಣು ತೆಗೆಯುವ ಯಂತ್ರದ ಚಾಲಕ ಕಾದ. ದಿಬ್ಬದ ತೂತುಗಳಿಂದ ಹಸಿರು ಹಕ್ಕಿಗಳು ಒಂದೊಂದಾಗಿ ಹೊರಬಿದ್ದು ಕರೆಂಟಿನ ತಂತಿಯ ಕಡೆ ಹಾರಿದವು. ಬಿಸಿಲಿಗೆ ಒಳಗೆ ಹೋಗಿ ಕೂತಿದ್ದವು, ಪಾಪ, ಎಂದುಕೊಂಡ. ಕೊನೆಯದೂ ಹೋದದ್ದನ್ನು ನೋಡಿಕೊಂಡೇ ಬಕೆಟ್ಟನ್ನು ದಿಬ್ಬದ ನೆತ್ತಿಗೆ ಇಳಿಸಿದ. ಅವನ ಮನಸ್ಸು ಹಗುರವಾಗಿಯೇ ಇತ್ತು.

ಇಟ್ಟಿಗೆ ಸುಡುವ ಗೂಡಿನ ಸುತ್ತಲಿನ ನೆಲವೆಲ್ಲ ಎಂದೋ ಇಟ್ಟಿಗೆಯಾಗಿ, ಊರಿನ ಮಹಡಿಗಳಾಗಿ ಎದ್ದು ನಿಂತಿತ್ತು. ಇಲ್ಲಿ ಉಳಿದದ್ದು ಹೊಂಡಗಳು ಮತ್ತು ಈ ಒಂದು ದಿಬ್ಬ. ಅದು ಉಳಿದದ್ದೂ ಅವನ ಅಮ್ಮನ ಹಟದಿಂದ. ಅವಳು ಇಲ್ಲೇ ಅಚ್ಚಿಗೆ ಮಣ್ಣು ತುಂಬುತ್ತಿದ್ದವಳು. ಮಗನಿಗೆ ಸೀರೆಯ ಜೋಲಿ ಕಟ್ಟಿದ್ದು ಈ ದಿಬ್ಬದ ನೆರಳಿನಲ್ಲಿ. ಬೇಸಿಗೆಯಲ್ಲಿ ಹಕ್ಕಿಗಳು ಗೂಡು ಕೊರೆಯುತ್ತವೆ, ಶಾಲೆ ತೆರೆಯುವ ಹೊತ್ತಿಗೆ ಮರಿಗಳು ಹಾರಿರುತ್ತವೆ, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು ಎಂಬುದು ಅವಳ ಲೆಕ್ಕ. ಗುದ್ದಲಿಯವರು ಅದನ್ನು ಮೀರಲಿಲ್ಲ. ಯಂತ್ರ ಬಂದ ಮೇಲೆ ಮಗನೂ ಮೀರಲಿಲ್ಲ. ‘ನಿಮ್ಮಮ್ಮನ ಬಾಡಿಗೆದಾರರು ಮನೆ ಖಾಲಿ ಮಾಡಿದ್ರೇನಪ್ಪಾ’ ಎಂದು ಮಾಲೀಕ ವರ್ಷವೂ ಛೇಡಿಸುತ್ತಿದ್ದ. ಖಾಲಿಯಾದ ಮೇಲೆ ಒಂದು ಪಾಲು ಕಡಿಯುವರು. ಮರುವರ್ಷ ಹಕ್ಕಿಗಳು ಉಳಿದದ್ದರಲ್ಲೇ ಹೊಸದಾಗಿ ಕೊರೆಯುವವು.

ಈ ವರ್ಷ ಬೇರೆ ಎಲ್ಲೂ ಮಣ್ಣಿಲ್ಲವೆಂದು ಮಾಲೀಕ ಪೂರ್ತಿ ತೆಗೆಯಲು ಹೇಳಿದ್ದ. ಅಮ್ಮ, ಹಾರಿದ ಮೇಲೆ ತಾನೆ, ಬೇರೆ ಕಡೆ ಹುಡುಕಿಕೊಳ್ಳುತ್ತವೆ ಬಿಡು ಎಂದಿದ್ದಳು. ಬೇರೆ ಕಡೆ ಎಂಬುದು ಎಲ್ಲಿದೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಆದರೆ ನಡು ಬೇಸಿಗೆಯಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ, ಕಂಡು ಕೇಳರಿಯದ ಮಳೆ ಸುರಿದಿತ್ತು. ಹೊಂಡಗಳು ತುಂಬಿ ಕೆಳಗಿನ ತೂತುಗಳೆಲ್ಲ ನೀರಲ್ಲಿ ಮುಳುಗಿದವು. ನೀರಿಳಿದ ಮೇಲೆ ಹಕ್ಕಿಗಳು ಇನ್ನೂ ಮೇಲೆ ಮತ್ತೆ ಮೊದಲಿನಿಂದ ಗೂಡು ಕೊರೆಯತೊಡಗಿದ್ದನ್ನು ಅವನು ಕಂಡಿದ್ದ. ಕಂಡೂ ತಲೆಗೆ ಹಚ್ಚಿಕೊಂಡಿರಲಿಲ್ಲ. ನಿನ್ನೆ ಶಾಲೆ ತೆರೆದಿತ್ತು.

ದಿಬ್ಬದ ಮುಖ ಒಂದೇ ಏಟಿಗೆ ಕುಸಿಯಿತು. ಅದರಿಂದ ತೆಗೆದ ಮಣ್ಣನ್ನು ಟ್ರ್ಯಾಕ್ಟರಿಗೆ ಸುರಿಯುವಾಗ, ಟ್ರ್ಯಾಕ್ಟರಿನವನು ಕೈ ಎತ್ತಿ ನಿಲ್ಲಿಸಿದ. ಹೆಂಟೆಗಳ ನಡುವೆ ಏನೋ ಗುಲಾಬಿ ಬಣ್ಣದ್ದು ಅಲುಗುತ್ತಿತ್ತು. ಗರಿಯಿಲ್ಲದ, ಕಣ್ಣು ಬಿಡದ ಮರಿ.

ಅವನು ಯಂತ್ರದಿಂದ ಇಳಿದು ಬರಿಗೈಯಲ್ಲಿ ಮಣ್ಣು ಕೆದಕಿದ. ಉಗುರು ಕಿತ್ತು ರಕ್ತ ಬಂದರೂ ಬಿಡಲಿಲ್ಲ. ಸಿಕ್ಕಿದವನ್ನು ಟವೆಲ್ಲಿನ ಮೇಲೆ ಮಲಗಿಸಿದ. ಎರಡು ಮರಿಗಳು ಅವನ ನೆರಳು ಬಿದ್ದಾಗಲೆಲ್ಲ ತುತ್ತಿಗೆಂದು ಬಾಯಿ ತೆರೆದವು. ಏನು ಕೊಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವೂ ಬಾಯಿ ತೆರೆಯುವುದನ್ನು ನಿಲ್ಲಿಸಿದವು.

ಸಂಜೆ ಅವನು ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಾಗ ಅಮ್ಮ ಅಡುಗೆಮನೆಯಿಂದಲೇ ಕೇಳಿದಳು.

“ಎಲ್ಲಾ ಹಾರಿದ್ವೇನೋ?”

“ಹಾರಿದ್ವಮ್ಮ.”

ಅವಳಿಗೆ ಮುಖ ತೋರಿಸದೆ ಉಂಡು ಮಲಗಿದ.

ಮರುದಿನ ಊಟದ ಹೊತ್ತಿಗೆ ಅಮ್ಮ ಬುತ್ತಿ ಹಿಡಿದು, ನೋಯುವ ಮಂಡಿ ಎಳೆದುಕೊಂಡು, ಇಟ್ಟಿಗೆ ಗೂಡಿನ ದಾರಿಯಲ್ಲಿ ಬರುತ್ತಿದ್ದಳು. ಅವನಿಗೆ ಅದು ನೆನಪೇ ಆಗಿರಲಿಲ್ಲ. ಹಾರಿದ ಮರಿಗಳು ತಂತಿಯ ಮೇಲೆ ಸಾಲಾಗಿ, ಒಂದಕ್ಕೊಂದು ಒತ್ತಿಕೊಂಡು ಕೂರುವುದನ್ನು ನೋಡಲು ಅವಳು ಪ್ರತಿ ವರ್ಷ ಬರುತ್ತಿದ್ದಳು.

ಅಮ್ಮ ತಂತಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ದಿಬ್ಬವಿದ್ದ ಕಡೆ ನೋಡಿದಳು. ನೆಲದಿಂದ ಎರಡಾಳೆತ್ತರದಲ್ಲಿ, ಬರಿಯ ಗಾಳಿಯಲ್ಲಿ, ನಾಲ್ಕಾರು ಹಕ್ಕಿಗಳು ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತಿದ್ದವು. ಒಂದೊಂದರ ಕೊಕ್ಕಿನಲ್ಲೂ ಹುಳ. ತೂತು ಇದ್ದ ಜಾಗಕ್ಕೇ ಬಂದು, ಹಿಂದೆ ಸರಿದು, ಮತ್ತೆ ಅಲ್ಲಿಗೇ ಬರುತ್ತಿದ್ದವು.

ಮಗ ಬಾಯಿ ತೆರೆಯುವ ಮೊದಲೇ ಅವಳು ಬುತ್ತಿಯನ್ನು ನೆಲಕ್ಕಿಟ್ಟು ಹೊಂಡದ ಅಂಚಿನಲ್ಲಿ ಕುಸಿದು ಕೂತಳು.

“ಮಳೆ ಬಂದಾಗಲೇ ನನಗೆ ಹೊಳೀಬೇಕಿತ್ತು,” ಎಂದಳು. “ನಿಂಗೆ ಶಾಲೆ ತೆರೆಯೋ ಲೆಕ್ಕ ಹೇಳ್ಕೊಟ್ಟೋಳು ನಾನೇ ಅಲ್ವೇನೋ.”

ಅವನಿಗೆ ತಡೆಯಲಾಗಲಿಲ್ಲ. ಅಮ್ಮನ ಪಕ್ಕದಲ್ಲಿ ಕೂತು, ಸಣ್ಣವನಿದ್ದಾಗ ಅಳುತ್ತಿದ್ದ ಹಾಗೆಯೇ ಬಿಕ್ಕಿದ. ಅವಳು ಅವನ ಕೈ ತೆಗೆದುಕೊಂಡು ಕಿತ್ತ ಉಗುರುಗಳನ್ನು ನೋಡಿದಳು. ಸೆರಗಿನ ತುದಿಯಿಂದ ಒತ್ತಿ ಹಿಡಿದಳು.

ಯಂತ್ರ ನಿಂತಿತ್ತು. ರೆಕ್ಕೆ ಸೋತ ಒಂದು ಹಕ್ಕಿ ಬಂದು ಬಕೆಟ್ಟಿನ ಹಲ್ಲಿನ ಮೇಲೆ ಕೂತಿತು. ಅದರ ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆಯೊಂದಿತ್ತು. ಅದನ್ನು ಹಕ್ಕಿ ನುಂಗಲಿಲ್ಲ, ಬಿಡಲೂ ಇಲ್ಲ.