ಪ್ರಯಾಗಬಾಯಿ ಬೆರಳು ಮಾಡಿದ ಬಣವೆ

ಮೊದಲು ಒಂದು ಮಾತು. ಹಿಂದಿನ ಕತೆ ಕೇಳಿ, ಮುದುಕನಿಗೆ ಅರುಳುಮರುಳು, ಊರು ತಿಥಿ ಎಲ್ಲ ಕಲಸಿಬಿಡುತ್ತಾನೆ ಎಂದವರು ಯಾರೆಂದು ನನಗೆ ಗೊತ್ತು. ನಿಮ್ಮಲ್ಲಿ ಅರ್ಧ ಜನಕ್ಕೆ ನಿನ್ನೆ ಉಂಡ ಪಲ್ಯ ಯಾವುದೆಂದರೆ ಹೆಂಡತಿಯ ಮುಖ ನೋಡಬೇಕು, ನನ್ನ ನೆನಪಿಗೆ ಪರೀಕ್ಷೆ ಇಡಲು ಬರುತ್ತೀರಿ. ಈಗ ಹೇಳುವುದು ಹೋದ ಸೆಪ್ಟೆಂಬರ್ ಹದಿನೇಳಕ್ಕೆ ಮಹಾರಾಷ್ಟ್ರದ ಉಮರ್ಗಾದಲ್ಲಿ ಮುನ್ನೂರು ಜನರ ಎದುರು ನಡೆದದ್ದು. ಸಂಶಯ ಇದ್ದವರು ಆ ಮುನ್ನೂರರಲ್ಲಿ ಯಾರನ್ನಾದರೂ ಕೇಳಿ ಬನ್ನಿ. ಇಲ್ಲವಾದರೆ ಬಾಯಿ ಮುಚ್ಚಿಕೊಂಡು ಕಿವಿ ತೆರೆಯಿರಿ.

ಅಲ್ಲೇ ಹತ್ತಿರದ ದಾಳಿಂಬ ಎಂಬ ಊರಿನ ಪ್ರಯಾಗಬಾಯಿಗೆ ಎಂಬತ್ತೇಳು ವರ್ಷ. ಹಲ್ಲು ಮೂರು, ಕಣ್ಣು ಒಂದೂವರೆ, ನಾಲಿಗೆ ಮಾತ್ರ ಇಡಿಯಾಗಿ ಉಳಿದಿದೆ. ಆ ಸೀಮೆಯಲ್ಲಿ ಆಕೆಗೊಂದು ಹೆಸರಿತ್ತು: ರಜಾಕಾರನನ್ನು ಹಿಡಿದುಕೊಟ್ಟ ಹುಡುಗಿ. ಹುಡುಗಿ ಮುದುಕಿಯಾಗಿ ಮರಿಮೊಮ್ಮಕ್ಕಳನ್ನು ಕಂಡರೂ ಆ ಹೆಸರಿಗೆ ಮಾತ್ರ ವಯಸ್ಸಾಗಲಿಲ್ಲ. ಎಪ್ಪತ್ತೇಳು ವರ್ಷದ ಹಿಂದೆ ಈ ಸೀಮೆಯೆಲ್ಲ ನಿಜಾಮನದು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾದರೂ ನಮಗೆ ಬಂದಿರಲಿಲ್ಲ. ರಜಾಕಾರರೆಂಬ ಖಾಕಿ ಪಡೆ ಊರೂರು ಸುಲಿಯುತ್ತಿತ್ತು. ಕೊನೆಗೆ ಸೊಲ್ಲಾಪುರದ ಕಡೆಯಿಂದ ಭಾರತದ ಫೌಜು ಬಂತು, ನಾಲ್ಕೈದು ದಿನದಲ್ಲಿ ನಿಜಾಮ ಕೈಯೆತ್ತಿದ. ಅದರ ನೆನಪಿಗೆ ಪ್ರತಿ ಸೆಪ್ಟೆಂಬರ್ ಹದಿನೇಳಕ್ಕೆ ಧ್ವಜ ಏರುತ್ತದೆ, ಪ್ರಯಾಗಬಾಯಿಯ ಹೆಗಲಿಗೆ ಶಾಲು ಬೀಳುತ್ತದೆ.

ಈ ಸಲ ಧ್ವಜದ ಜೊತೆಗೆ ಕಾಲೇಜು ಹುಡುಗರ ವಾದವಿವಾದ ಸ್ಪರ್ಧೆಯನ್ನೂ ಇಟ್ಟಿದ್ದರು. ಸಮುದ್ರದಾಚೆಯ ಯಾವುದೋ ದೇಶ, ಅಲ್ಲೊಬ್ಬ ಸರ್ವಾಧಿಕಾರಿ, ಅವನನ್ನು ಇಳಿಸಲು ಬೇರೆ ದೇಶದ ಫೌಜು ನುಗ್ಗುವುದು ನ್ಯಾಯವೋ ಅಲ್ಲವೋ, ಇದು ವಿಷಯ. ಪ್ರಯಾಗಬಾಯಿಯ ಮರಿಮೊಮ್ಮಗಳು ಮಯೂರಿ ನ್ಯಾಯ ಎನ್ನುವ ಪಕ್ಷ. ನಿಲಂಗಾದಿಂದ ಬಂದ ಪಂಡಿತ ಎಂಬ ಹುಡುಗ ಅಲ್ಲ ಎನ್ನುವ ಪಕ್ಷ.

ಹಿಂದಿನ ದಿನ ಮಯೂರಿ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಮುದುಕಿ ಮೊರ ಹಿಡಿದು ಹೊಸ ಉದ್ದು ಕೇರುತ್ತಿದ್ದಳು. ಹುಡುಗಿ ಮರಾಠಿಯಲ್ಲಿ ಚೆನ್ನಾಗಿಯೇ ಕಟ್ಟಿದ್ದಳು. ಬೆಂಕಿ ಹತ್ತಿದ ಮನೆಯ ಬೀಗ ಒಡೆದವನನ್ನು ಯಾರಾದರೂ ಕಳ್ಳ ಎನ್ನುತ್ತಾರೆಯೇ ಎಂದು ಕೇಳಿದಳು. ಮುದುಕಿ ಭಲೆ ಎನ್ನುವಂತೆ ತಲೆದೂಗಿದಳು. ಆಮೇಲೆ ಹುಡುಗಿ ದನಿ ಏರಿಸಿ, ಸಾಕ್ಷಿ ದೂರ ಹುಡುಕಬೇಕಿಲ್ಲ, ಹತ್ತು ವರ್ಷದ ಪೋರಿ ಬಣವೆಯಲ್ಲಿ ಅಡಗಿದ್ದ ರಜಾಕಾರನನ್ನು ತೋರಿಸಿಕೊಟ್ಟಳು, ಆ ಪೋರಿ ಇಲ್ಲೇ ಕೂತಿದ್ದಾಳೆ, ನನ್ನ ಪಣಜಿ, ನನ್ನ ಮುತ್ತಜ್ಜಿ, ಎಂದಳು.

ಮೊರ ನಿಂತಿತು.

"ಆ ಮಾತು ತಗದ್ಹಾಕು" ಅಂದಳು ಮುದುಕಿ.

"ಇಸ್ಪೀಟಿನಾಗಿನ ಹುಕುಮಿನ ಎಕ್ಕ ಅದಾ ಆಯಿ, ಅದೇ ತಗದ್ರ ನಂದೇನು ಉಳೀತದ?"

"ಉಳಿದದ್ದು ಉಳೀಲಿ. ಅದು ಬ್ಯಾಡ."

ಯಾಕೆ ಎಂದರೆ ಮತ್ತೆ ಮೊರ ಎತ್ತಿಕೊಂಡಳು. ಒಳಗಿನಿಂದ ಮಯೂರಿಯ ಅವ್ವ ಸಾರಿಕಾ ಬಂದು, ವಯಸ್ಸಾದವರಿಗೆ ಹೀಗೆ ಒಮ್ಮೊಮ್ಮೆ ಆಗುತ್ತದೆ, ನೀನು ನಿನ್ನ ಪಾಠ ಮಾಡು ಎಂದು ಮಗಳಿಗೆ ಕಣ್ಣು ಮಿಟುಕಿಸಿದಳು. ಪ್ರಯಾಗಬಾಯಿಯ ಅರ್ಧ ಕಣ್ಣಿಗೂ ಅದು ಕಂಡಿತು. ಆಕೆ ಆ ಬಣವೆಯ ಸುಳ್ಳನ್ನು ಎಪ್ಪತ್ತೇಳು ವರ್ಷ ಮನೆಯ ಮೂಲೆಯಲ್ಲಿ ಕೂಡಿಸಿ ಸಾಕಿದ್ದಳು. ಮೂಲೆಯಲ್ಲಿ ಇರುವಷ್ಟು ದಿನ ಇರಲಿ ಬಿಡು ಎಂದಿದ್ದಳು. ನಾಳೆ ಅದಕ್ಕೆ ಸ್ನಾನ ಮಾಡಿಸಿ, ಹೊಸ ಬಟ್ಟೆ ತೊಡಿಸಿ, ಇನ್ನೊಂದು ದೇಶದ ಮೇಲೆ ಫೌಜು ಹಾಯಿಸಲು ಸಾಕ್ಷಿ ನಿಲ್ಲಿಸುತ್ತಾರೆ.

ಮರುದಿನ ಉಮರ್ಗಾದ ಸಭಾಂಗಣ ತುಂಬಿತ್ತು. ಅಧ್ಯಕ್ಷತೆ ರಾಚಯ್ಯ ಮಾಸ್ತರರದು. ನಿವೃತ್ತರಾಗಿ ಹದಿನೈದು ವರ್ಷವಾದರೂ ಮೈಕು ಕಂಡರೆ ಬಿಡದ ಮನುಷ್ಯ. ಶಾಲು ಹೊದಿಸಿ ಮುದುಕಿಯನ್ನು ವೇದಿಕೆಯ ಮೇಲೆಯೇ ಕೂಡಿಸಿದರು. ಪಂಡಿತ ಮೊದಲು ಎದ್ದ. ಒಂದು ಮನೆಯ ಯಜಮಾನ ಕೆಟ್ಟವನಾದರೆ ಆ ಮನೆಯವರೇ ಬುದ್ಧಿ ಕಲಿಸಬೇಕು, ಓಣಿಯ ಪೈಲವಾನ ಬಾಗಿಲು ಮುರಿದರೆ ನಾಳೆ ಅವನೇ ಯಜಮಾನ ಆಗುತ್ತಾನೆ ಎಂದ. ಚಪ್ಪಾಳೆ ಬಿತ್ತು. ಮಯೂರಿ ಎದ್ದಳು. ಬೀಗ, ಬೆಂಕಿ, ಎಲ್ಲ ಸರಿಯಾಗಿ ಬಂತು. ಕೊನೆಗೆ ಕೈ ಚಾಚಿ ಪಣಜಿಯನ್ನು ತೋರಿಸಿದಾಗ ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಮುದುಕಿಯೂ ಎದ್ದಳು. ಕೈ ಮುಗಿಯಲು ಎದ್ದಿದ್ದಾಳೆ ಎಂದುಕೊಂಡರು. ಆಕೆ ನೆಟ್ಟಗೆ ಮೈಕಿನ ಹತ್ತಿರ ನಡೆದಳು. ರಾಚಯ್ಯ ಮಾಸ್ತರರು, ಸ್ಪರ್ಧೆ ಮುಗಿಯಲಿ, ಆಶೀರ್ವಾದ ಆಮೇಲೆ ಎಂದರು. ಆಶೀರ್ವಾದ ಮಾಡಲು ಬಂದಿಲ್ಲ ಎಂದಳು. ಮರಾಠಿಯಲ್ಲಿ ಹೇಳಿ, ಎಲ್ಲರಿಗೂ ತಿಳಿಯಲಿ ಎಂದರೆ, "ಮರಾಠಿ ಬರ್ತದ ನಂಗ. ಈ ಮಾತು ಕನ್ನಡದಾಗ ಇಟ್ಕೊಂಡೀನಿ, ಕನ್ನಡದಾಗೇ ತಗೀತೀನಿ. ತಿಳೀದವ್ರು ಬಾಜೂದವ್ರಿಗೆ ಕೇಳ್ರಿ" ಎಂದಳು.

ಮೊದಲು ಪಂಡಿತನ ಕಡೆ ತಿರುಗಿದಳು.

"ನೀ ಶಾಣ್ಯಾ ಇದ್ದಿ ತಮ್ಮಾ. ಖರೆ ನಮ್ಮಣ್ಣಗ ಬೇವಿನ ಗಿಡಕ್ಕ ಕಟ್ಟಿ ರಜಾಕಾರರು ಹೊಡಿಲತ್ತಿದಾಗ ನೀ ಇರಲಿಲ್ಲ. ಮನಿಯವ್ರೇ ಬುದ್ಧಿ ಕಲಸಬೇಕಿತ್ತಂದ್ರ, ಯಾರು ಕಲಸಬೇಕಿತ್ತು? ನಮ್ಮವ್ವ? ಪರದೇಶ, ಪರದೇಶ ಅಂತೀರಿ. ಆ ಪರದೇಶ ನಾವೇ ಇದ್ದಿವಿ. ಫೌಜು ಬಂತು, ನಾವು ಕುಣದೀವಿ. ಇವತ್ತೂ ಕುಣೀತೀನಿ. ಬಂದದ್ದು ಬರೋಬರ್ ಅದಾ."

ಸಭೆ ಚಪ್ಪಾಳೆಗೆ ಕೈ ಎತ್ತಿತ್ತು. ಆಕೆ ಅಂಗೈ ಅಡ್ಡ ಹಿಡಿದಳು.

"ಈಗ ನಮ್ಮ ಪೋರಿಗೆ ಹೇಳ್ತೀನಿ. ಫೌಜು ನಮ್ಮೂರಾಗ ನಿಲ್ಲಲಿಲ್ಲ, ಮುಂದ ಹೋಯ್ತು. ಅದರ ಹಿಂದ ಒಂದು ಗುಂಪು ಬಂತು, ಕೋಲು ಬಡಿಗಿ ಹಿಡದು. ರಜಾಕಾರರು ಎಲ್ಲಿ ಅಂದ್ರು. ಖರೇ ರಜಾಕಾರರು ಎರಡು ದಿನ ಮೊದಲೇ ಓಡಿ ಹೋಗ್ಯಾರ. ಹಿರ್ಯಾರು ಎಲ್ಲಾ ನೆಲ ನೋಡ್ಕೋತ ನಿಂತಾರ. ಆಗ ಅವ್ರು ನನ್ನ ಕೇಳಿದ್ರು. ಹತ್ತು ವರ್ಷದಕಿಗೆ."

ಬಣವೆಯಲ್ಲಿ ಇದ್ದವನ ಹೆಸರು ದಸ್ತಗೀರ. ಸೊಲ್ಲಾಪುರ ರಸ್ತೆಯ ಸುಂಕದ ನಾಕಾದಲ್ಲಿ ಸಿಪಾಯಿ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವವ. ಖಾಕಿ ತೊಡುತ್ತಿದ್ದ, ರಜಾಕಾರನಲ್ಲ. ಆ ವರ್ಷ ನಾಗರ ಪಂಚಮಿಗೆ ಸೊಲ್ಲಾಪುರದ ಸೋದರಮಾವ ಪ್ರಯಾಗಬಾಯಿಗೆ ಪರಕಾರದ, ಅಂದರೆ ಲಂಗದ, ಅರಿವೆ ಕಳಿಸಿದ್ದ. ಕೆಂಪು ನೆಲ, ಹಳದಿ ಚುಕ್ಕೆ. ಸುಂಕ ಕಟ್ಟಿಲ್ಲವೆಂದು ನಾಕಾದಲ್ಲಿ ಅದನ್ನು ತೆಗೆದಿಟ್ಟುಕೊಂಡರು. ತೆಗೆದವ ದಸ್ತಗೀರ. ಮೇಲಿನವರ ಹುಕುಂ, ಅವನೇನು ಮಾಡಿಯಾನು? ಹತ್ತು ವರ್ಷದ ಹುಡುಗಿಗೆ ಹುಕುಂ ತಿಳಿಯುವುದಿಲ್ಲ, ಅರಿವೆ ತಿಳಿಯುತ್ತದೆ. ಗುಂಪು ಬಂದ ದಿನ ಮುಂಜಾನೆ ಅವನು ಜೋಳದ ಕಣಿಕೆಯ ಬಣವೆಯಲ್ಲಿ ತೂರಿಕೊಂಡದ್ದನ್ನು ಅವಳೊಬ್ಬಳೇ ನೋಡಿದ್ದಳು.

ಆಕೆ ಇಷ್ಟು ಹೇಳುವಷ್ಟರಲ್ಲಿ ಮಾಸ್ತರರು ಕೈಸನ್ನೆ ಮಾಡಿ ಮೈಕು ಆರಿಸಿದರು. ಅಲ್ಲಿ ಅವರು ತಪ್ಪಿದರು. ಪ್ರಯಾಗಬಾಯಿಯದು ನಲವತ್ತು ವರ್ಷ ಜೋಳದ ಹೊಲದಲ್ಲಿ ಅಟ್ಟ ಏರಿ ಹಕ್ಕಿ ಓಡಿಸಿದ ಗಂಟಲು. ಮೈಕಿದ್ದಾಗ ಕೇಳದಿದ್ದ ಹಿಂದಿನ ಬೆಂಚಿನವರಿಗೂ ಈಗ ಕೇಳಿಸಿತು.

"ಅಂವಾ ರಜಾಕಾರ ಅಲ್ಲಂತ ನಂಗ ಗೊತ್ತಿತ್ತು. ಗೊತ್ತಿದ್ದೂ ಬಣವಿ ಕಡೆ ಬಟ್ಟು ಮಾಡಿದೆ. ಒಂದು ಪರಕಾರದ ಸಲುವಾಗಿ. ಅಂವನ್ನ ಎಳಕೊಂಡು ಹೋದ್ರು, ಅಂವಾ ತಿರುಗಿ ಬರಲಿಲ್ಲ. ಸಂಜಿಮುಂದ ಊರಾಗ ಎಲ್ಲರೂ ನನ್ನ ಎತ್ತಿ ಕುಣಿಸಿದ್ರು. ಸುಮ್ನ ನಿಂತ ಹಿರ್ಯಾರಿಗೆ ಒಂದು ಕತಿ ಬೇಕಾಗಿತ್ತು, ನಾ ಆದೆ."

ಮಾಸ್ತರರು ಎದ್ದು, ಆಯೀ, ಇಂಥ ದಿನ ಇದೆಲ್ಲ ಬೇಕಾಗಿತ್ತೇ, ಮುಕ್ತಿಯ ಹಬ್ಬಕ್ಕೆ ಕಳಂಕ ಅಲ್ಲವೇ ಎಂದರು. ಯಾರೋ ಹಿಂದಿನಿಂದ, ಈ ಮುದುಕಿ ಯಾರ ಪಕ್ಷ ಎಂದು ಕೂಗಿದ.

"ಪಕ್ಷ ಕೇಳಬ್ಯಾಡ್ರಿ. ಫೌಜು ಕಳಸ್ತೀರಿ? ಕಳಸ್ರಿ. ಕಳಸೂಕಿಂತ ಮೊದಲ ಹೇಳ್ರಿ, ಮರುದಿನ ಆ ಊರಾಗ ಯಾರು ನಿಂತಿರ್ತೀರಿ, ಯಾರ ಮಾತು ಕೇಳ್ತೀರಿ. ಅದು ಹೇಳಲಕ್ಕ ಬರದವ್ರು ಕುಂದ್ರಿ. ಇಲ್ಲಂದ್ರ ನೀವು ನನ್ನಂಥ ಪೋರಿಗೇ ಕೇಳ್ತೀರಿ, ಅಕಿ ಬಟ್ಟು ಮಾಡ್ತಾಳ."

ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಕೆಳಗಿಳಿದಳು. ಯಾರೂ ಕೈಹಿಡಿಯಲು ಬರಲಿಲ್ಲ, ಆಕೆಯೂ ಕೇಳಲಿಲ್ಲ. ಮೊದಲ ಸಾಲಿನಲ್ಲಿ ಸಾರಿಕಾ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

ಸ್ಪರ್ಧೆಯ ನಿಯಮದಂತೆ ಮಯೂರಿಗೆ ಕೊನೆಯ ಎರಡು ನಿಮಿಷ ಉಳಿದಿತ್ತು. ಹುಡುಗಿಯ ಮುಖ ಕೆಂಪೇರಿತ್ತು. ಪಣಜಿ ತನ್ನ ಕೈಯಿಂದ ಬಹುಮಾನ ಕಿತ್ತುಕೊಂಡಳು ಎಂಬ ಸಿಟ್ಟು ಮುಚ್ಚುವಷ್ಟು ವಯಸ್ಸು ಅವಳದಲ್ಲ. ಮೈಕು ಮತ್ತೆ ಹಾಕಿಸಿ ಅದರ ಮುಂದೆ ನಿಂತಳು. ಆಮೇಲೆ, ನನ್ನ ಪಕ್ಷ ಬದಲಿಸುವುದಿಲ್ಲ, ಬೆಂಕಿ ಹತ್ತಿದರೆ ಬೀಗ ಒಡೆಯಲೇಬೇಕು, ಆದರೆ ನನ್ನ ಸಾಕ್ಷಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ, ಆ ಮನುಷ್ಯ ರಜಾಕಾರನಲ್ಲ, ಅವನ ಹೆಸರು ದಸ್ತಗೀರ, ಬರೆದುಕೊಳ್ಳಿ, ಎಂದು ಮರಾಠಿಯಲ್ಲಿ ಹೇಳಿ ಕೂತಳು. ಕನ್ನಡ ತಿಳಿಯದಿದ್ದವರಿಗೂ ಆಗ ತಿಳಿಯಿತು. ಬಹುಮಾನ ಪಂಡಿತನಿಗೆ ಹೋಯಿತು.

ಮನೆಗೆ ಹೋಗುವಾಗ ಶೇರ್ ಆಟೋದಲ್ಲಿ ಮಯೂರಿ ಪಣಜಿಯ ಪಕ್ಕ ಕೂರಲಿಲ್ಲ, ಮುಂದೆ ಡ್ರೈವರನ ಹತ್ತಿರ ಕೂತಳು. ದಾಳಿಂಬ ಬರುವ ಹೊತ್ತಿಗೆ ಹಿಂದೆ ತಿರುಗಿ, ಆ ದಸ್ತಗೀರನ ಮನೆಯವರು ಎಲ್ಲಿ ಹೋದರು ಎಂದು ಕೇಳಿದಳು. ಹೆಂಡತಿ, ಎರಡು ಸಣ್ಣ ಮಕ್ಕಳು, ಅದೇ ವಾರ ನಿಲಂಗಾದ ಹಾದಿ ಹಿಡಿದು ಉದಗೀರದ ಕಡೆ ನಡೆದು ಹೋದರು, ಮುಂದೆ ಗೊತ್ತಿಲ್ಲ ಎಂದಳು ಮುದುಕಿ. ಹುಡುಗಿ ಫೋನು ತೆಗೆದು ರೆಕಾರ್ಡ್ ಒತ್ತಿ ಪಣಜಿಯ ಬಾಯಿಯ ಹತ್ತಿರ ಹಿಡಿದಳು.

"ಹೇಳು ಆಯಿ. ಅವ್ರಿಗೆ ಹೇಳೂದು ಹೇಳು."

ಆಕೆ ಹೇಳಿದ್ದನ್ನೇ ನಾನೂ ಹೇಳುತ್ತೇನೆ, ಒಂದು ಅಕ್ಷರ ಆಚೆ ಈಚೆ ಇಲ್ಲ. ನಾಕಾದ ದಸ್ತಗೀರ ರಜಾಕಾರ ಅಲ್ಲ, ಸುಳ್ಳು ಹೇಳಿದವಳು ದಾಳಿಂಬದ ಪ್ರಯಾಗಬಾಯಿ, ಇನ್ನೂ ಬದುಕಿದ್ದಾಳೆ, ಬಂದು ಮುಖದ ಮೇಲೆ ಬೈಯಿರಿ, ಬಾಗಿಲು ತೆರೆದಿದೆ. ಇಲ್ಲಿ ಕೂತು ಕೇಳಿದವರೇ, ಉದಗೀರ, ಜಳಕೋಟ, ಬೀದರ ಕಡೆ ನಿಮ್ಮ ಬೀಗರು, ಗೆಳೆಯರು, ವ್ಯಾಪಾರದವರು ಇದ್ದಾರಲ್ಲ, ಅವರಿಗೆಲ್ಲ ಇದನ್ನು ಈಗಲೇ ಕಳಿಸಿ. ಮುದುಕಿಗೆ ಎಂಬತ್ತೇಳು, ಸಾವಕಾಶ ಮಾಡಬೇಡಿ.